ತಿಪ್ಪೆ ಇಲ್ಲದ ಊರಿನ ದನ, ಕೋಳಿ

ಕಲಬುರಗಿಯೊಳಗೆ ಕೋಳಿ, ಆಡು, ಎಮ್ಮೆ ಸಾಕಬಹುದೋ ಬಾರದೋ ಎಂಬ ಜಗಳ ಹಳೆಯದು. ಅದಕ್ಕಿಂತ ಮೊದಲು ಕೇಳಬೇಕಾದ್ದು, ಆ ಪ್ರಾಣಿಯ ಹೊಟ್ಟೆ ತುಂಬಿಸುವವರು ಯಾರು, ಅದು ಹಾಕಿದ ಸಗಣಿ ಎಲ್ಲಿಗೆ ಹೋಗುತ್ತದೆ ಎಂದು. ಹೀಗೆ ಅಳೆದರೆ ಹಳೆಯ ಓಣಿಗಳ ಹಿತ್ತಲಲ್ಲಿ ನಾಲ್ಕು ಜವಾರಿ ಕೋಳಿ ಇಟ್ಟುಕೊಂಡವರು ಬಹುಮಟ್ಟಿಗೆ ಪಾಸು. ಬೆಳಿಗ್ಗೆ ಹಾಲು ಹಿಂಡಿಕೊಂಡು, ಮೇವಿನ ಖರ್ಚು ಉಳಿಸಲು ಹಗಲೆಲ್ಲ ಆಕಳನ್ನು ಬೀದಿಗೆ ಬಿಟ್ಟು, ಸಂಜೆ ಮತ್ತೆ ಹಿಂಡಲು ಹುಡುಕಿಕೊಂಡು ಬರುವವರು ಫೇಲು. ಆ ಆಕಳ ಹೊಟ್ಟೆಗಿಳಿದ ಪ್ಲಾಸ್ಟಿಕ್ ಚೀಲದ ಲೆಕ್ಕ ಯಾರ ಖಾತೆಗೂ ಬರುವುದಿಲ್ಲ.

ಹಾಗೆಂದು ಕೋಳಿ ಸಾಕಣೆ ನಿರ್ದೋಷಿಯೇನಲ್ಲ. ಕೋಳಿಗೆ ಬೆವರುವ ಗ್ರಂಥಿಯಿಲ್ಲ, ಬಾಯ್ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ ಈ ಊರಲ್ಲಿ ಮಾಳಿಗೆಯ ಮೇಲೆ ತಗಡಿನ ಗೂಡು ಕಟ್ಟಿ ಕೋಳಿ ಕೂಡುವುದು ಹಿಂಸೆಯೇ. ಏದುಸಿರು ಹೆಚ್ಚಿದಷ್ಟೂ ತತ್ತಿಯ ಚಿಪ್ಪು ತೆಳ್ಳಗಾಗುತ್ತದೆ. ಕೈಯಲ್ಲೇ ಒಡೆಯುವ ತತ್ತಿಯನ್ನು ಕಂಡವರು ತಳಿಯನ್ನು ಬೈಯುತ್ತಾರೆ, ತಗಡನ್ನು ಬೈಯುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಗಿರಿರಾಜ ಕೋಳಿ ಜವಾರಿಗಿಂತ ಹೆಚ್ಚು ತತ್ತಿ ಇಡುತ್ತದೆ ನಿಜ, ಆದರೆ ಕಾವಿಗೆ ಕೂರುವುದಿಲ್ಲ, ಮರಿಯನ್ನು ಪ್ರತಿಸಲವೂ ಕೊಂಡೇ ತರಬೇಕು.

ರೋಗದ ವಿಷಯದಲ್ಲಿ ಮಾತ್ರ ಈ ಪುಟ್ಟ ಸಾಕಣೆ ನಿಜಕ್ಕೂ ಸೋಲುತ್ತದೆ. ಕೊಕ್ಕರೆ ರೋಗದ ಲಸಿಕೆ ನೂರು, ಇನ್ನೂರು ಕೋಳಿಗೆ ಸಾಲುವ ಸೀಸೆಯಲ್ಲಿ ಬರುತ್ತದೆ. ಕಲಸಿದ ಮೇಲೆ ಒಂದೆರಡು ತಾಸಿನೊಳಗೆ ಹಾಕಿ ಮುಗಿಸಬೇಕು. ನಾಲ್ಕು ಕೋಳಿಯವರು ಅದನ್ನು ಯಾಕೆ ಕೊಂಡಾರು? ಓಣಿಯವರೆಲ್ಲ ಒಂದೇ ದಿನ ಕೂಡಿ ಹಾಕಿಸಿದರೆ ಮುಗಿಯಿತು, ಆದರೆ ಅಂಥ ಒಗ್ಗಟ್ಟು ಜಾತ್ರೆಗೆ ಬರುತ್ತದೆ, ಕೋಳಿಗೆ ಬರುವುದಿಲ್ಲ. 2016ರ ಮೇ ತಿಂಗಳಲ್ಲಿ ಹುಮನಾಬಾದ್ ಕಡೆಯ ಕೋಳಿ ಫಾರಂನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಕಲಬುರಗಿಯಿಂದ ಕಮಲಾಪುರ ದಾಟಿ ಹೋಗುವ ರಸ್ತೆಯೇ ಅಲ್ಲಿಗೂ ಹೋಗುತ್ತದೆ. ಇಂಥ ಕಡೆ ಸೋಂಕು ದೃಢಪಟ್ಟರೆ ಸುತ್ತ ಒಂದು ಕಿಲೋಮೀಟರಿನ ಕೋಳಿಯನ್ನೆಲ್ಲ ಕೊಲ್ಲಿಸುತ್ತಾರೆ, ಹಿತ್ತಲಿನದನ್ನೂ ಬಿಡುವುದಿಲ್ಲ.

ಕಮಲಾಪುರದಲ್ಲಿ ಇದೇ ಪ್ರಾಣಿಗಳ ನಸೀಬು ಬೇರೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕೆಂಪು ಬಾಳೆಯ ಊರದು. ಬಾಳೆ ತಿಂಗಳುಗಟ್ಟಲೆ ಹೊಲದಲ್ಲಿ ನಿಂತು ಗೊಬ್ಬರ ಬೇಡುವ ಬೆಳೆ, ಹೀಗಾಗಿ ಸಗಣಿ ಅಲ್ಲಿ ತಿಪ್ಪೆ ಸೇರಿ ತೋಟಕ್ಕೆ ಇಳಿಯುತ್ತದೆ. ಒಂದು ಎಮ್ಮೆ ದಿನಕ್ಕೆ ಹದಿನೈದು ಕಿಲೋದಷ್ಟು ಸಗಣಿ ಹಾಕುತ್ತದೆ. ಕಮಲಾಪುರದಲ್ಲಿ ಅದು ಆಸ್ತಿ, ನಗರದಲ್ಲಿ ಗಟಾರ ಕಟ್ಟಿಕೊಳ್ಳುವಂತೆ ಮಾಡುವ ಹೊಲಸು. ನಡುವೆ ಇರುವುದು ಒಂದು ತಾಸಿನ ದಾರಿ. ವಿಚಿತ್ರವೆಂದರೆ ಮೇವಿನ ವಿಷಯದಲ್ಲಿ ನಗರವೇ ಶ್ರೀಮಂತ: ಕಲಬುರಗಿಯ ದಾಲ್ ಮಿಲ್‌ಗಳಿಂದ ಬರುವ ತೊಗರಿ ಹೊಟ್ಟು, ನುಚ್ಚು ಎಮ್ಮೆ ಆಡುಗಳಿಗೆ ಒಳ್ಳೆಯ ಆಹಾರ. ಹೊಟ್ಟು ಟೆಂಪೊ ಹತ್ತಿ ಹಳ್ಳಿಗೆ ಹೋಗುತ್ತದೆ, ಹೊಟ್ಟು ತಿಂದ ನಗರದ ಎಮ್ಮೆಯ ಸಗಣಿ ಮಾತ್ರ ಮನೆ ಮುಂದೆಯೇ ಉಳಿಯುತ್ತದೆ. ಮಹಾನಗರ ಪಾಲಿಕೆ ಇದನ್ನು ಸಾರಿಗೆಯ ಪ್ರಶ್ನೆಯಾಗಿ ನೋಡಿದ್ದರೆ ಕೊಟ್ಟಿಗೆಗಳ ಮೇಲಿನ ಅರ್ಧ ದೂರುಗಳು ಕರಗುತ್ತಿದ್ದವು ಎಂಬುದು ನನ್ನ ಎಣಿಕೆ.

ಹಂದಿಗಳ ಬಗ್ಗೆ ಇಷ್ಟು ಮೃದುವಾಗಿ ಬರೆಯಲಾಗದು. ಗಟಾರವನ್ನೇ ಮೇವುಗಾವಲು ಮಾಡಿಕೊಂಡ ಸಾಕಣೆಯಿಂದ ಲಾಡಿಹುಳು, ಮಿದುಳು ಜ್ವರದಂಥ ಅಪಾಯಗಳಿವೆ, ಸಮರ್ಥನೆ ಸಾಧ್ಯವಿಲ್ಲ. ಆದರೆ ಹಂದಿಗಳನ್ನು ಹಿಡಿದು ಸಾಗಿಸುವ ಪಾಲಿಕೆಯ ಕಾರ್ಯಾಚರಣೆಗೂ ನನ್ನಿಂದ ಅಂಕ ಸಿಗದು. ಲಾರಿ ಹಂದಿಗಳನ್ನು ಒಯ್ಯುತ್ತದೆ. ಮದುವೆ ಮಂಟಪದ ಹಿಂದಿನ ಎಂಜಲೆಲೆ, ಮಾಂಸದಂಗಡಿಯ ತ್ಯಾಜ್ಯ, ತರಕಾರಿ ಸಂತೆಯ ಕೊಳೆ ಅಲ್ಲೇ ಬಿದ್ದಿರುತ್ತವೆ. ಹಂದಿ ಸಾಕಿ ಬದುಕುವ ಕುಟುಂಬಗಳಿಗೆ ಊರಾಚೆ ಜಾಗ, ನೀರು, ಬೇಯಿಸಿದ ಎಂಜಲಿನ ಸರಬರಾಜು, ಈ ಮೂರನ್ನು ಕೊಡುವ ಮಾತು ಎಂದಾದರೂ ಪಾಲಿಕೆಯ ಬಜೆಟ್ಟಿನಲ್ಲಿ ಕಂಡರೆ, ಆಗ ಕಾರ್ಯಾಚರಣೆಗೂ ಅಂಕ ಹಾಕೋಣ.