ಮಾರ್ಕನನ್ನು ಇಡಿಯಾಗಿ ಓದುವುದು

ಹೊಸ ಒಡಂಬಡಿಕೆಯ ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನದೇ ಚಿಕ್ಕದು. ಇರುವುದು 16 ಅಧ್ಯಾಯ. ಗಟ್ಟಿಯಾಗಿ ಓದಿದರೂ ಎರಡು ಗಂಟೆಯೊಳಗೆ ಮುಗಿಯುತ್ತದೆ. ಅದರ ಶೇ. 90ರಷ್ಟು ಸಂಗತಿ ಮತ್ತಾಯನಲ್ಲೂ ಸಿಗುತ್ತದೆ. ಮತ್ತಾಯನ ಹಿಂದೆ ನಡೆದು ಅವನನ್ನು ಸಂಕ್ಷೇಪಿಸಿದವನು ಮಾರ್ಕ ಎಂದು ಸಂತ ಅಗಸ್ಟೀನ್ ಹೇಳಿದ ಮೇಲೆ, ಶತಮಾನಗಳ ಕಾಲ ಈ ಪುಸ್ತಕವನ್ನು ಅದರ ಸಲುವಾಗಿಯೇ ಓದಿದವರು ಕಡಿಮೆ.

ಇದನ್ನು ತಲೆಕೆಳಗು ಮಾಡಿದ್ದು 19ನೇ ಶತಮಾನದ ಜರ್ಮನ್ ವಿದ್ವತ್ತು. 1838ರಲ್ಲಿ ವೈಸೆ, 1863ರಲ್ಲಿ ಹೋಲ್ಟ್ಸ್‌ಮನ್, ಮಾರ್ಕನೇ ಮೊದಲಿಗ, ಮತ್ತಾಯ ಮತ್ತು ಲೂಕ ಅವನನ್ನು ಎದುರಿಗಿಟ್ಟುಕೊಂಡು ಬರೆದರು ಎಂದು ವಾದಿಸಿದರು. ಇಂದಿಗೂ ಹೆಚ್ಚಿನ ವಿದ್ವಾಂಸರು ಒಪ್ಪುವುದು ಇದನ್ನೇ. ಆದರೆ ಮಾರ್ಕನಿಗೆ ಸಿಕ್ಕ ಈ ಮರ್ಯಾದೆ ಲೇಖಕನಿಗೆ ಸಲ್ಲುವಂಥದ್ದಲ್ಲ, ಸಾಕ್ಷಿದಾರನಿಗೆ ಸಲ್ಲುವಂಥದ್ದು. ಯೇಸುವಿನ ಜೀವನಚರಿತ್ರೆಗೆ ಬಣ್ಣ ಬಳಿಯದ ಆಕರವೊಂದು ಸಿಕ್ಕಿತೆಂದು ಎಲ್ಲರೂ ನಂಬಿದರು.

ಆ ನಂಬಿಕೆಯನ್ನು ಅಲುಗಾಡಿಸಿದವನು ವ್ರೇಡೆ ಎಂಬ ಜರ್ಮನ್ ವಿದ್ವಾಂಸ. ಗುಣವಾದವರಿಗೆ, ದೆವ್ವಗಳಿಗೆ, ಕೊನೆಗೆ ಶಿಷ್ಯರಿಗೂ ಯೇಸು ತಾನು ಯಾರೆಂದು ಹೇಳಬೇಡಿರೆಂದು ತಾಕೀತು ಮಾಡುವುದು ನಡೆದ ಸಂಗತಿಯಲ್ಲ, ಅದರ ಹಿಂದೆ ಧಾರ್ಮಿಕ ವಿಚಾರವೊಂದಿದೆ ಎಂದು 1901ರಲ್ಲಿ ಅವನು ತೋರಿಸಿದ. ಅವನು ಕೊಟ್ಟ ಉತ್ತರ ಇಂದು ಸವೆದಿದೆ. ಅವನೆತ್ತಿದ ಪ್ರಶ್ನೆ ಮಾತ್ರ ಹಾಗೇ ಇದೆ.

ಅನಂತರ ಬಂದದ್ದು ರೂಪವಿಮರ್ಶೆ. 1919ರಲ್ಲಿ ಶ್ಮಿಟ್ ಮತ್ತು ಡಿಬೇಲಿಯಸ್, 1921ರಲ್ಲಿ ಬುಲ್ಟ್‌ಮನ್. ಬಿಡಿಬಿಡಿಯಾಗಿ ಬಾಯಿಂದ ಬಾಯಿಗೆ ಹರಿದುಬಂದ ಪ್ರಸಂಗಗಳನ್ನು ಮಣಿಗಳಂತೆ ಪೋಣಿಸಿದವನು ಮಾರ್ಕ, ದಾರ ಮಾತ್ರ ಅವನದು ಎಂಬುದು ಈ ಪಂಥದ ತಿರುಳು. ಇದನ್ನು ಹಗುರವಾಗಿ ತಳ್ಳಿಹಾಕುವವರ ಜೊತೆ ನಾನಿಲ್ಲ. ಒಂದು ಕಥೆಯನ್ನು ಯಾರು, ಯಾವ ಅಗತ್ಯಕ್ಕೆ, ಎಂಥ ಕೂಟದಲ್ಲಿ ಹೇಳುತ್ತಿದ್ದರು ಎಂದು ಕೇಳಲು ಕಲಿಸಿದ್ದು ಇದೇ ಪಂಥ. ತೊಡಕಿರುವುದು ಕಥೆಗಳನ್ನು ಅವು ನಿಂತ ಜಾಗದಿಂದ ಬಿಡಿಸಿ ತೆಗೆಯುವ ಅದರ ಕತ್ತರಿಯಲ್ಲಿ.

8ನೇ ಅಧ್ಯಾಯದ ಬೆತ್ಸಾಯಿದದ ಕುರುಡನನ್ನು ನೋಡಿ. ಯೇಸು ಅವನ ಕೈಹಿಡಿದು ಊರಾಚೆ ಕರೆದೊಯ್ಯುತ್ತಾನೆ, ಕಣ್ಣಿಗೆ ಉಗುಳಿ, ಕೈಯಿಟ್ಟು, ಏನಾದರೂ ಕಾಣುತ್ತಿದೆಯೇ ಎಂದು ಕೇಳುತ್ತಾನೆ. ಜನ ಕಾಣುತ್ತಾರೆ, ಆದರೆ ನಡೆದಾಡುವ ಮರಗಳ ಹಾಗೆ. ಮತ್ತೊಮ್ಮೆ ಕೈಯಿಟ್ಟಾಗಲೇ ದೃಷ್ಟಿ ನಿಚ್ಚಳವಾಗುತ್ತದೆ. ಒಂದೇ ಸಲಕ್ಕೆ ಪೂರೈಸದ ಈ ಪವಾಡವನ್ನು ಮತ್ತಾಯ, ಲೂಕ ಇಬ್ಬರೂ ಕೈಬಿಟ್ಟಿದ್ದಾರೆ. ಬುಲ್ಟ್‌ಮನ್ ಇದನ್ನು 7ನೇ ಅಧ್ಯಾಯದ ಕಿವುಡನ ಕಥೆಯ ಇನ್ನೊಂದು ರೂಪವೆಂದು ಎಣಿಸಿ ಮುಂದೆ ಹೋದ.

ಇದು ಬಂದಿರುವ ಜಾಗವನ್ನು ಗಮನಿಸಬೇಕು. ಸ್ವಲ್ಪ ಮೊದಲಷ್ಟೇ ದೋಣಿಯಲ್ಲಿ ಯೇಸು ಶಿಷ್ಯರನ್ನು ಗದರಿದ್ದಾನೆ: ಕಣ್ಣಿದ್ದೂ ಕಾಣದೇ ಎಂದು. ಸ್ವಲ್ಪದರಲ್ಲೇ ಪೇತ್ರ ಅವನನ್ನು ಕ್ರಿಸ್ತನೆಂದು ಗುರುತಿಸುತ್ತಾನೆ, ಮರುಗಳಿಗೆಯೇ ಆ ಕ್ರಿಸ್ತ ಸಾಯಬೇಕೆಂಬ ಮಾತನ್ನು ಒಪ್ಪದೆ ಸೈತಾನನೆಂದು ಬೈಸಿಕೊಳ್ಳುತ್ತಾನೆ. ಪೇತ್ರನಿಗೂ ಅರ್ಧವೇ ಕಂಡಿದೆ. ಅಲ್ಲಿಂದ ಮೂರು ಬಾರಿ ಯೇಸು ತನ್ನ ಮರಣದ ಮಾತೆತ್ತುತ್ತಾನೆ. ಮೂರು ಬಾರಿಯೂ ಶಿಷ್ಯರು ತಪ್ಪಾಗಿ ತಿಳಿಯುತ್ತಾರೆ. 10ನೇ ಅಧ್ಯಾಯದ ಕೊನೆಗೆ ಯೆರಿಕೋದಲ್ಲಿ ಬಾರ್ತಿಮಾಯನೆಂಬ ಇನ್ನೊಬ್ಬ ಕುರುಡ ಕಣ್ಣು ಪಡೆದು, ಯೇಸುವಿನ ಹಿಂದೆ ಅದೇ ದಾರಿ ಹಿಡಿಯುತ್ತಾನೆ. ಇಬ್ಬರು ಕುರುಡರ ಕಥೆಗಳ ನಡುವೆ ಶಿಷ್ಯರ ಕುರುಡನ್ನು ಇಟ್ಟವನನ್ನು ಬರಿಯ ಸಂಗ್ರಾಹಕನೆಂದು ಕರೆಯುವುದು ಅನ್ಯಾಯ.

ಆ ಅನ್ಯಾಯವನ್ನು ಸರಿಪಡಿಸಲು 1956ರಲ್ಲಿ ಮಾರ್ಕ್ಸನ್, ಸುವಾರ್ತಾಕಾರ ತನಗೆ ಸಿಕ್ಕದ್ದನ್ನು ಹೇಗೆ ತಿದ್ದಿ ಜೋಡಿಸಿದನೆಂದು ನೋಡುವ ಸಂಪಾದನಾ ವಿಮರ್ಶೆಯ ದಾರಿಯಲ್ಲಿ ಹೊರಟ. 1982ರಲ್ಲಿ ರೋಡ್ಸ್ ಮತ್ತು ಮಿಚಿ ಮಾರ್ಕನನ್ನು ಕಥೆಗಾರನಾಗಿಯೇ ಓದಿದರು. ಹೊಸದಾಗಿ ಈ ಅಧ್ಯಯನಕ್ಕೆ ಬರುವವರು ಪೀಠಿಕೆ, ಕಾಲನಿರ್ಣಯ, ಆಕರಚರ್ಚೆ ಎಲ್ಲವನ್ನೂ ಬದಿಗಿಟ್ಟು ಮೊದಲು ಪುಸ್ತಕವನ್ನು ಒಂದೇ ಕೂರಿಕೆಯಲ್ಲಿ ಓದಲಿ ಎಂದು ನಾನು ಹೇಳುವುದು ಇವರ ಬಲದಿಂದಲೇ.

ಆದರೆ ಕಥನ ವಿಮರ್ಶಕರಲ್ಲಿ ಹಲವರು ಪಠ್ಯದಿಂದಾಚೆ ಕಣ್ಣೆತ್ತುವುದೇ ಇಲ್ಲ. ಯೆಹೂದ್ಯರು ಕೈತೊಳೆದೇ ಉಣ್ಣುತ್ತಾರೆಂದು ಮಾರ್ಕ 7ನೇ ಅಧ್ಯಾಯದಲ್ಲಿ ಯಾರಿಗೆ ವಿವರಿಸುತ್ತಿದ್ದಾನೆ? ಯೇಸುವಿನ ಅರಾಮಿಕ್ ಮಾತುಗಳಿಗೆ ಅರ್ಥವನ್ನು ಯಾರಿಗಾಗಿ ಕೊಡುತ್ತಿದ್ದಾನೆ? ದೇವಾಲಯ ಕಲ್ಲಿನ ಮೇಲೆ ಕಲ್ಲು ನಿಲ್ಲದಂತೆ ಉರುಳುತ್ತದೆಂಬ 13ನೇ ಅಧ್ಯಾಯದ ಮಾತು, ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದ ಆಸುಪಾಸಿನ ಕೇಳುಗರಿಗೆ ಹೇಗೆ ಕೇಳಿಸಿದ್ದೀತು? ಈ ಪ್ರಶ್ನೆಗಳಿಗೆ ಕಥೆಯ ಹೆಣಿಗೆಯೊಳಗೆ ಪೂರ್ತಿ ಉತ್ತರ ಸಿಗದು. ಇಲ್ಲಿ ಮತ್ತೆ ಬುಲ್ಟ್‌ಮನ್‌ನ ಮನೆಬಾಗಿಲನ್ನೇ ತಟ್ಟಬೇಕಾಗುತ್ತದೆ.