ಓಜು ಸಿನಿಮಾಕ್ಕೆ ನಗಬಾರದೇ?

ಯಾಸುಜಿರೊ ಓಜು ನಿರ್ದೇಶಿಸಿದ 'ಟೋಕಿಯೊ ಸ್ಟೋರಿ'ಯಲ್ಲಿ (1953) ಶಿಗೆ ಎಂಬ ಮಗಳಿದ್ದಾಳೆ. ಬ್ಯೂಟಿ ಪಾರ್ಲರ್ ನಡೆಸುವವಳು, ಭಾರೀ ಲೆಕ್ಕಾಚಾರದ ಹೆಣ್ಣು. ಊರಿಂದ ಬಂದ ಅಪ್ಪ-ಅಮ್ಮನಿಗೆಂದು ಗಂಡ ಒಳ್ಳೇ ಕೇಕು ತಂದರೆ, ಅವರಿಗ್ಯಾಕೆ ಇಷ್ಟು ದುಬಾರಿಯದು ಎಂದು ಗೊಣಗುತ್ತ ತಾನೇ ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ. ತಾಯಿಗೆ ಹುಷಾರಿಲ್ಲವೆಂದು ಊರಿಗೆ ಹೊರಡುವಾಗ, ಸಾವಿನ ಮನೆಯಲ್ಲಿ ಉಡುವ ಬಟ್ಟೆ ಒಯ್ಯಬೇಕೋ ಬೇಡವೋ ಎಂದು ಅಣ್ಣನ ಜೊತೆ ಚರ್ಚೆ. ಮಣ್ಣು ಮುಗಿಸಿ ಊಟಕ್ಕೆ ಕೂತಾಗ, ಕಣ್ಣೀರು ಆರುವ ಮೊದಲೇ, ಅಮ್ಮನ ಇಂಥಿಂಥ ಬಟ್ಟೆ ತನಗಿರಲಿ ಎಂದು ಕೇಳಿಯೇಬಿಡುತ್ತಾಳೆ.

ಇದನ್ನು ನೋಡಿ ನಗು ಬರಬೇಕು. ನನಗಂತೂ ಬರುತ್ತದೆ. ಆದರೆ ಪುಣೆಯಲ್ಲಿ ಇಂಥ ಸಿನಿಮಾ ನೋಡುವ ಕಡೆ ನಕ್ಕರೆ ಅಪರಾಧ. ಲಾ ಕಾಲೇಜು ರಸ್ತೆಯ ಚಲನಚಿತ್ರ ಭಂಡಾರವಿರಲಿ, ಪ್ರತಿ ವರ್ಷದ ಅಂತರರಾಷ್ಟ್ರೀಯ ಉತ್ಸವವಿರಲಿ, ಕೊರಳಿಗೆ ಪಾಸು ಬಿದ್ದ ಕೂಡಲೇ ನಮ್ಮ ಮುಖ ಗರ್ಭಗುಡಿಯ ಮುಂದೆ ನಿಂತವರ ಮುಖವಾಗುತ್ತದೆ. ಧಾರವಾಡದಿಂದ ನೌಕರಿಗೆಂದು ಬಂದ ನನ್ನಂಥ ಪುರುಸೊತ್ತಿನ ಪ್ರೇಕ್ಷಕನಿಗೆ ಈ ಊರು ಬೇಕಾದಷ್ಟು ಸಿನಿಮಾ ತೋರಿಸಿದೆ, ಆ ಋಣ ಇದೆ. ತಕರಾರು ಈ ಭಯಭಕ್ತಿಯದು. ಪರದೇಶದ ಚಿತ್ರದ ನಿಧಾನವನ್ನೆಲ್ಲ ಆಳವೆಂದು ನಂಬಿ ಕೂತರೆ, ಅದರೊಳಗಿನ ಚೇಷ್ಟೆ ಕಣ್ಣಿಗೇ ಬೀಳುವುದಿಲ್ಲ.

ಓಜುವಿನ ಕಥೆ ನಮಗೆ ಪರದೇಶದ್ದೂ ಅಲ್ಲ. ಅಪ್ಪ-ಅಮ್ಮನನ್ನು ಸಂಭಾಳಿಸಲು ಪುರುಸೊತ್ತಿಲ್ಲದ ಮಕ್ಕಳು ದುಡ್ಡು ಕೂಡಿಸಿ ಅವರನ್ನು ಅಟಾಮಿ ಎಂಬ ಬಿಸಿನೀರಿನ ಬುಗ್ಗೆಯ ಊರಿಗೆ ಸಾಗಹಾಕುತ್ತಾರೆ. ಹಿಂಜವಡಿಯ ಸಾಫ್ಟ್‌ವೇರ್ ಮಗ ಊರಿಂದ ಬಂದ ತಂದೆತಾಯಿಯನ್ನು ಅಷ್ಟವಿನಾಯಕ ಯಾತ್ರೆಯ ಬಸ್ಸು ಹತ್ತಿಸಿದ ಹಾಗೇ. ಅಟಾಮಿಯಲ್ಲಿ ರಾತ್ರಿಯಿಡೀ ಪಕ್ಕದ ಕೋಣೆಗಳ ಹಾಡು, ಜೂಜಿನ ಗದ್ದಲ. ಮುದುಕರಿಗೆ ಕಣ್ಣು ಹತ್ತುವುದಿಲ್ಲ. ಬೆಳಿಗ್ಗೆ ಸಮುದ್ರದ ಕಟ್ಟೆ ಮೇಲೆ ಕೂತು ಊರಿಗೆ ಹೋಗಿಬಿಡೋಣ ಎಂದುಕೊಳ್ಳುತ್ತಾರೆ. ಏಳುವಾಗ ಮುದುಕಿಗೆ ಒಂದು ಕ್ಷಣ ತಲೆ ತಿರುಗುತ್ತದೆ. ಹಿನ್ನೆಲೆ ಸಂಗೀತದ ಗುದ್ದು ಇಲ್ಲ, ಮುಖದ ಕ್ಲೋಸಪ್ ಇಲ್ಲ. ರಾತ್ರಿಯ ಪೇಚಾಟಕ್ಕೆ ನಕ್ಕವರಿಗೇ ಈ ತಲೆಸುತ್ತು ನಾಟುತ್ತದೆ.

ಇನ್ನು ಕಾಮಿಡಿ. ಪುಣೆಯಲ್ಲಿ ಬಾಡಿಗೆ ಮನೆ ಹುಡುಕಿದ ಯಾರಿಗಾದರೂ ಮರಾಠಿಯ 'ಅಶೀ ಹೀ ಬನವಾ ಬನವೀ' (1988) ಬರೀ ತಮಾಷೆಯಲ್ಲ. ಹೃಷಿಕೇಶ್ ಮುಖರ್ಜಿಯವರ 'ಬೀವಿ ಔರ್ ಮಕಾನ್' (1966) ಚಿತ್ರದ ಎಳೆ ಹಿಡಿದು ಸಚಿನ್ ಪಿಳಗಾಂವಕರ್ ಮಾಡಿದ ಇದರಲ್ಲಿ, ಬ್ರಹ್ಮಚಾರಿಗಳಿಗೆ ಮನೆ ಸಿಗದೆ ಇಬ್ಬರು ಹೆಂಗಸರ ವೇಷ ಹಾಕಬೇಕಾಗುತ್ತದೆ. ಲಕ್ಷ್ಮೀಕಾಂತ್ ಬೇರ್ಡೆ ಸೀರೆಯುಟ್ಟು ಕುಣಿದಾಗ ಎಲ್ಲರೂ ಉರುಳಾಡಿ ನಗುತ್ತಾರೆ. ನನ್ನ ಕಣ್ಣು ಮಾತ್ರ ಅಶೋಕ್ ಸರಾಫ್ ಮೇಲೆ. ಮನೆ ಮಾಲಕಿಯ ಎದುರು ಸುಳ್ಳಿನ ಮೇಲೆ ಸುಳ್ಳು ಪೋಣಿಸುವಾಗಲೂ ಸಂಸಾರಸ್ಥನ ಆ ಗಂಭೀರ ಮುಖ ಅಲುಗುವುದಿಲ್ಲ. ತಲೆಯ ಮೇಲಿನ ಸೂರು ಹೋಗುವ ಹೆದರಿಕೆ ನಿಜವಾದ್ದರಿಂದಲೇ ಆ ನಗು ಇನ್ನೂ ಹಳಸಿಲ್ಲ. ಹಳಸಿದ್ದು ಬೇರೆ: ಹೆಣ್ಣುಪಾತ್ರಗಳು. ಸ್ವಂತ ಅಂಗಡಿ ನಡೆಸುವ ಅಶ್ವಿನಿ ಭಾವೆಯ ಪಾತ್ರವನ್ನೂ ಕೊನೆಗೆ ಜೋಡಿ ಕೂಡಿಸುವ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಕಾಮಿಡಿ ಅಲ್ಲವೇ ಬಿಡಿ ಎಂದು ಇದನ್ನು ಯಾರೂ ಕೇಳುವುದಿಲ್ಲ. ಬಿಡುವುದೇಕೆ?

ಹಾಗೆ ನೋಡಿದರೆ ಅಳು-ನಗುವಿನ ಈ ಮಡಿ-ಮೈಲಿಗೆ ಪುಣೆಯ ಸಿನಿಮಾಕ್ಕೆ ಮೊದಲು ಇರಲೇ ಇಲ್ಲ. ಪ್ರಭಾತ್ ಕಂಪನಿಯ 'ಸಂತ ತುಕಾರಾಮ್' (1936) ಇಲ್ಲೇ ತಯಾರಾದದ್ದು.  ವೆನಿಸ್ ಉತ್ಸವದಲ್ಲಿ ಮನ್ನಣೆ ಪಡೆದ ಆ ಭಕ್ತಿಚಿತ್ರದಲ್ಲಿ ತುಕಾರಾಮನ ಹೆಂಡತಿ ಜಿಜಾಯಿ, ಮನೆಯಲ್ಲಿ ಕಾಳಿಲ್ಲ, ಮಗುವಿಗೆ ಜಡ್ಡು ಎಂಬ ಸಿಟ್ಟಿಗೆ ಕೆರ ಹಿಡಿದು ವಿಠೋಬನಿಗೇ ಹೊಡೆಯಹೋಗುತ್ತಾಳೆ. ತುಕಾರಾಮನಾದ ವಿಷ್ಣುಪಂತ ಪಾಗ್ನಿಸ್ ಎಷ್ಟೇ ತನ್ಮಯರಾಗಿ ಹಾಡಲಿ, ಚಿತ್ರವನ್ನು ನೆಲದ ಮೇಲೆ ಹಿಡಿದಿಟ್ಟವಳು ಈ ಬಾಯಿಬಡುಕಿ.

ಅಳು-ನಗುವನ್ನು ಹೀಗೆ ಬೆರೆಸುವ ಧೈರ್ಯ ನಮ್ಮ ಕನ್ನಡದ 'ತಿಥಿ'ಗೆ (2015) ಇದೆ. ಲೊಕಾರ್ನೊದಲ್ಲಿ ಬಹುಮಾನ ಬಂದಿದ್ದರಿಂದ ಇದನ್ನೂ ಉತ್ಸವದ ಚಿತ್ರವೆಂದೇ ಹಣೆಪಟ್ಟಿ ಹಚ್ಚಿದರು. ಆದರೆ ರಾಮ್ ರೆಡ್ಡಿ ಮತ್ತು ಈರೇಗೌಡರು ಕಟ್ಟಿದ ಕಥೆ ಶುರುವಾಗುವುದೇ ದಾರಿಹೋಕರನ್ನೆಲ್ಲ ಬೈಯುವ ಸೆಂಚುರಿಗೌಡನಿಂದ, ಅವನ ಸಾವಿನಿಂದ. ಮಗ ಗಡ್ಡಪ್ಪನಿಗೆ ಅದರ ಹಂಗಿಲ್ಲ. ಬ್ರಾಂದಿ, ಬೀಡಿ, ಹುಲಿ-ಕುರಿ ಆಟ. ಜಮೀನು ಮಾರಲು ಮೊಮ್ಮಗ ತಮ್ಮಣ್ಣ ಬದುಕಿರುವ ಅಪ್ಪನನ್ನು ಕಾಗದದಲ್ಲಿ ಸಾಯಿಸಿ, ಕೈಗೆ ದುಡ್ಡು ಕೊಟ್ಟು ದೇಶ ಸುತ್ತಿ ಬಾ ಎಂದು ಅಟ್ಟುತ್ತಾನೆ. ಶಿಗೆಗೆ ಹೊಳೆದದ್ದೂ ಇಂಥದೇ ಉಪಾಯ. ಓಜುವಿನ ಮುದುಕರು ಸುಮ್ಮನೆ ಒಪ್ಪಿಕೊಂಡರೆ, ಗಡ್ಡಪ್ಪ ಊರಾಚೆಯ ಕುರಿಗಾಹಿಗಳ ಬಿಡಾರಕ್ಕೆ ಹೋಗಿ ಸೇರಿಕೊಳ್ಳುತ್ತಾನೆ. ನಟನೆ ಕಲಿಯದ ಹಳ್ಳಿಗರಿಂದ ಇಷ್ಟನ್ನು ತೆಗೆಸಿದ್ದು ದೊಡ್ಡದು. ಮರಿಮೊಮ್ಮಗ ಅಭಿಯ ಪ್ರೇಮಪ್ರಸಂಗ ಮಾತ್ರ ನನಗೆ ಇವತ್ತಿಗೂ ಹಿಡಿಸಿಲ್ಲ. ಕುರಿಗಾಹಿ ಹುಡುಗಿಯ ಬೆನ್ನುಹತ್ತುವುದನ್ನು ಚಿತ್ರ ಹುಡುಗಾಟವೆಂದೇ ನೋಡುತ್ತದೆ, ಅವಳಿಗೆ ಏನನ್ನಿಸಿತೆಂದು ಕೇಳುವ ಗೋಜಿಗೆ ಹೋಗುವುದಿಲ್ಲ.