ಕೊಂಡಪಲ್ಲಿಯ ಗೊಂಬೆ, ಪೊಣಿಕಿಯ ಮರ

ಬಿಜಾಪುರದ ಸೀಮೆಯನ್ನು ಸುತ್ತಿ, ಆಲಮಟ್ಟಿ ನಾರಾಯಣಪುರಗಳ ಕಟ್ಟೆಗಳನ್ನು ದಾಟಿ, ತುಂಗಭದ್ರೆಯನ್ನು ಕೂಡಿಕೊಂಡು ಪೂರ್ವಾಭಿಮುಖವಾಗಿ ಹರಿಯುವ ಕೃಷ್ಣೆಯು ವಿಜಯವಾಡದ ಪ್ರಕಾಶಂ ಆಣೆಕಟ್ಟನ್ನು ಮುಟ್ಟುವುದಕ್ಕೆ ಕೊಂಚ ಮೊದಲು, ಅದರ ಎಡದಂಡೆಯಲ್ಲಿ ಇಬ್ರಾಹಿಂಪಟ್ನಂ ಎಂಬ ಊರು ಇದಿರಾಗುತ್ತದೆ. 2015ರಲ್ಲಿ ಗೋದಾವರಿಯ ನೀರನ್ನು ಕಾಲುವೆಯಿಂದ ತಂದು ಕೃಷ್ಣೆಯಲ್ಲಿ ಬೆರಸಿ, ಆ ಎಡೆಗೆ ‘ಪವಿತ್ರ ಸಂಗಮ’ವೆಂದು ನಾಮಕರಣ ಮಾಡಿದ್ದು ಇಲ್ಲಿಯೇ, 1979ರಿಂದ ಕಲ್ಲಿದ್ದಲನ್ನು ಉರಿಸುತ್ತ ಬಂದಿರುವ ವಿದ್ಯುದಾಗಾರದ ಚಿಮಣಿಗಳು ನಿಂತಿರುವುದೂ ಇಲ್ಲಿಯೇ, ಹೈದರಾಬಾದಿನ ಹೆದ್ದಾರಿಗೆ ಜಗದಲ್‌ಪುರದ ಹೆದ್ದಾರಿ ಬಂದು ಸೇರುವುದೂ ಇಲ್ಲಿಯೇ. ಈ ಹೊಗೆ, ಧೂಳು, ಲಾರಿಗಳ ಸಂದಣಿಯಿಂದ ಸ್ವಲ್ಪವೇ ಆಚೆಗೆ, ಕುರುಚಲು ಕಾಡಿನ ಬೆಟ್ಟಸಾಲಿನ ಬುಡದಲ್ಲಿ, ಅಂಗೈಮೇಲೆ ಕೂರಿಸಬಹುದಾದ ಅಂಬಾರಿಯ ಆನೆಗಳನ್ನು ಕೆತ್ತುವ ಕೊಂಡಪಲ್ಲಿ ಇದೆ.

ಕನ್ನಡಿಗನಿಗೆ ಈ ಊರು ತೀರ ಪರಕೀಯವಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ಅರಸರು ಕಟ್ಟಿದ ಇಲ್ಲಿಯ ಗಿರಿದುರ್ಗವನ್ನು ಗಜಪತಿಗಳ ಕೈಯಿಂದ ಕಸಿದುಕೊಂಡವನು ವಿಜಯನಗರದ ಕೃಷ್ಣದೇವರಾಯ. ಆ ಕಳಿಂಗ ದಂಡಯಾತ್ರೆಯ ಮುಂದುವರಿಕೆಯಲ್ಲಿಯೇ ಅವನು 1516ರಲ್ಲಿ ವಿಶಾಖಪಟ್ಟಣದ ಮಗ್ಗುಲಿನ ಸಿಂಹಾಚಲದ ನರಸಿಂಹನಿಗೆ ಆಭರಣಗಳನ್ನೊಪ್ಪಿಸಿ ಶಾಸನ ಬರೆಯಿಸಿದನು. ದುರ್ಗದ ಮೇಲೆ ಈಗಲೂ ಗಜಶಾಲೆಯೆಂದು ಒಂದು ಕಟ್ಟಡವನ್ನು ತೋರಿಸುತ್ತಾರೆ. ಮೇಲಿನ ಗಜಶಾಲೆ ಬರಿದಾಗಿ ಶತಮಾನಗಳೇ ಕಳೆದಿರಲು, ಕೆಳಗಿನ ‘ಬೊಮ್ಮಲ ಕಾಲನಿ’ಯ ಜಗಲಿಗಳಲ್ಲಿ ಆನೆಗಳು ಇಂದಿಗೂ ಸಾಲಾಗಿ ಬಣ್ಣ ಒಣಗಲು ಕಾದಿರುತ್ತವೆ.

ಇವನ್ನು ಕೆತ್ತುವವರು ಆರ್ಯಕ್ಷತ್ರಿಯರು. ರಾಜಸ್ಥಾನದಿಂದ ಬಂದವರೆಂದು ಅವರಲ್ಲಿ ಐತಿಹ್ಯ. ಅವರ ಕಲೆಯ ಮರ್ಮವೆಲ್ಲ ಒಂದು ಮರದಲ್ಲಿದೆ. ತೆಲುಗರು ತೆಲ್ಲ ಪೊಣಿಕಿ ಎನ್ನುವ ಆ ಮರ ಒಣ ಬೆಟ್ಟಗಳಲ್ಲಿ ಬೆಳೆಯುವಂಥದು. ಮೆತ್ತಗೆ, ಬೆಳ್ಳಗೆ, ಹತ್ತಿಯಷ್ಟು ಹಗುರವೇನೋ ಎನ್ನಿಸುವಂಥದು. ಅದನ್ನು ಹದವಾದ ಶಾಖದಲ್ಲಿ ಆರಿಸಿ ತೇವ ತೆಗೆದು, ಮುಂಡ ಬೇರೆ, ಕೈ ಬೇರೆ, ಸೊಂಡಿಲು ಬೇರೆ, ಅಂಬಾರಿಯ ಕಂಬ ಬೇರೆಯಾಗಿ ಕೆತ್ತಿ, ಹುಣಿಸೆ ಬೀಜದ ಅಂಟಿಗೆ ಮರದ ಹೊಟ್ಟು ಕಲಸಿದ ‘ಮಕ್ಕು’ ಎಂಬ ಲೇಪದಿಂದ ಅವನ್ನು ಕೂಡಿಸಿ, ಸಂದುಗಳನ್ನು ತುಂಬಿ, ಸುಣ್ಣ ಬಳಿದು, ಆಡಿನ ಕೂದಲಿನ ಕುಂಚದಿಂದ ಬಣ್ಣ ತುಂಬುತ್ತಾರೆ. ಗಂಡಸರು ಕೆತ್ತಿದರೆ ಬಣ್ಣದ ಕೆಲಸ ಬಹುಮಟ್ಟಿಗೆ ಹೆಂಗಸರದು.

ಕಲೆಯ ದೃಷ್ಟಿಯಿಂದ ನೋಡಿದರೆ, ಈ ಗೊಂಬೆಯ ಸತ್ತ್ವವಿರುವುದು ಆ ಕೂಡಿಸುವಿಕೆಯಲ್ಲಿ. ನಮ್ಮ ಚನ್ನಪಟ್ಟಣದ ಗೊಂಬೆ ತಿರುಗುವ ಯಂತ್ರದಲ್ಲಿ ಹುಟ್ಟುತ್ತದೆಯಾಗಿ, ಅದರ ಲೋಕವೆಲ್ಲ ವರ್ತುಲಾಕಾರ: ರಾಜನಾದರೂ ಬುಗುರಿಯ ಬಂಧು, ರಾಣಿಯಾದರೂ ಗಿಲಕಿಯ ತಂಗಿ. ಕೊಂಡಪಲ್ಲಿಯದು ಹಾಗಲ್ಲ. ಒಂದೇ ಕಾಂಡದಿಂದ ಹೊರಡದೆ ತುಂಡುಗಳ ಸಂಧಾನದಿಂದ ಆಕೃತಿ ಪಡೆಯುವುದರಿಂದ, ತಾಳೆಮರವನ್ನು ತಬ್ಬಿ ಏರುವ ಕಳ್ಳಿನವನ ಮೊಳಕಾಲು, ಬೀಸುಕಲ್ಲಿನ ಗೂಟ ಹಿಡಿದವಳ ಮುಂಗೈ, ಜೋಡೆತ್ತುಗಳ ಕೊರಳಿನ ಬಾಗು ಇವುಗಳಿಗೆಲ್ಲ ಅಲ್ಲಿ ಎಡೆಯುಂಟು. ಮುಖಗಳಲ್ಲಿ ಭಾವವಿಲ್ಲ, ದುಂಡನೆಯ ಕೆನ್ನೆ, ಅಗಲವಾಗಿ ತೆರೆದ ಕಣ್ಣು, ಅಷ್ಟೆ. ಭಾವವನ್ನೆಲ್ಲ ಮೈಯ ನಿಲುವೇ ಹೊರುತ್ತದೆ. ದಶಾವತಾರದ ಸಾಲಿಗಿಂತ ಹಳ್ಳಿಯ ಬಾಳಿನ ಗೊಂಬೆಗಳೇ ಈ ಕೈಗಳಿಗೆ ಹೆಚ್ಚು ಒಗ್ಗಿವೆಯೆಂದು ನನ್ನ ಎಣಿಕೆ. ದೇವರುಗಳಲ್ಲಿ ಕುಶಲತೆಯಿದೆ, ಕಳ್ಳಿನವನಲ್ಲಿ ಜೀವವಿದೆ. ಹಿಂದೆ ಗಿಡಮೂಲಿಕೆಗಳ ಮಬ್ಬು ಬಣ್ಣಗಳಿದ್ದ ಕಡೆ ಈಗ ಎನಾಮಲ್ ಬಣ್ಣದ ಮಿರುಗು ಬಂದು ಉಳಿಯ ಗೆರೆಯನ್ನು ನುಂಗುತ್ತಿರುವುದು ದೋಷವೇ ಸರಿ. ಆದರೆ ಕೊಳ್ಳುವವರು ಹೊಳಪನ್ನೇ ಹೊಸತನವೆಂದು ಭಾವಿಸಿ ಬೆಲೆ ಕೊಡುವಾಗ, ದೋಷವನ್ನು ಮಾಡುವವರ ತಲೆಗೇ ಕಟ್ಟುವುದು ನ್ಯಾಯವಲ್ಲ.

ಈ ಕಲೆಗೆ ರಾಷ್ಟ್ರವು ಕೊಟ್ಟ ರಕ್ಷಣೆಯಾದರೂ ಎಂಥದು? 1999ರಲ್ಲಿ ಶಾಸನವಾಗಿ 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯಿದೆಯ ಅನ್ವಯ, 2005-06ರಲ್ಲಿ ಚನ್ನಪಟ್ಟಣದ ಗೊಂಬೆಗಳೂ 2006-07ರಲ್ಲಿ ಕೊಂಡಪಲ್ಲಿಯ ಬೊಮ್ಮಲೂ ಚೆನ್ನೈಯ ಪಂಜೀಕರಣ ಕಚೇರಿಯ ಪುಸ್ತಕವನ್ನು ಸೇರಿದವು. ಬೇರೆ ಊರಿನಲ್ಲಿ ಮಾಡಿದ ಗೊಂಬೆಗೆ ಈ ಊರಿನ ಹೆಸರಿಟ್ಟು ಮಾರುವುದು ಅಪರಾಧವೆನಿಸಿತು. ಇದರಿಂದ ಪ್ರಯೋಜನವಾಗಲಿಲ್ಲವೆನ್ನಲಾರೆ: 2021ರ ಜನವರಿಯಿಂದ ಆಟಿಕೆಗಳಿಗೆಲ್ಲ ಮಾನಕಮುದ್ರೆ ಕಡ್ಡಾಯವಾದಾಗ, ಕಾರ್ಖಾನೆಗೆ ತಕ್ಕ ಆ ನಿಯಮದಿಂದ ಜಗಲಿಯ ಮೇಲಿನ ಕುಶಲಕರ್ಮಿ ಉಸಿರುಗಟ್ಟದೆ ಉಳಿದದ್ದು ನೋಂದಾಯಿತ ಕರಕುಶಲಿಗಳಿಗೂ ಸೂಚಕ ಪಡೆದ ಆಟಿಕೆಗಳಿಗೂ ವಿನಾಯಿತಿ ದೊರೆತದ್ದರಿಂದ. ಆದರೆ ಕಾಯಿದೆಯ ಮಾತುಗಳನ್ನು ಸಾವಧಾನವಾಗಿ ಓದಿದವರಿಗೆ ಅದರ ಒಡಲಿನ ಟೊಳ್ಳು ಗೋಚರವಾಗದೆ ಇರದು. ಪದಾರ್ಥದ ಗುಣ ಅಥವಾ ಕೀರ್ತಿಯು ಮುಖ್ಯವಾಗಿ ಅದರ ನೆಲದಿಂದ ಬಂದುದಾಗಿರಬೇಕೆಂದು ಹೇಳುವ ಆ ಕಾಯಿದೆಯೇ, ತಯಾರಿಸಿದ ವಸ್ತುಗಳ ಸಂದರ್ಭದಲ್ಲಿ ಉತ್ಪಾದನೆ, ಸಂಸ್ಕರಣ, ಸಿದ್ಧತೆ ಈ ಮೂರರಲ್ಲಿ ಯಾವುದಾದರೊಂದು ಕ್ರಿಯೆ ಆ ನೆಲದಲ್ಲಿ ನಡೆದರೆ ಸಾಕೆನ್ನುತ್ತದೆ. ಅರ್ಥಾತ್, ನಾಳೆ ಕೊಂಡಪಲ್ಲಿಯ ಬೆಟ್ಟಗಳಲ್ಲಿ ಒಂದು ಪೊಣಿಕಿಯೂ ಉಳಿಯದೆ ಹೋಗಿ, ದೂರದಿಂದ ಮತ್ತಾವುದೋ ಮರವು ಲಾರಿಯಲ್ಲಿ ಬಂದಿಳಿದರೂ, ಆ ಕಾಯಿದೆಯ ಈ ಮಾತಿನ ದೃಷ್ಟಿಯಲ್ಲಿ ಗೊಂಬೆಯು ಕೊಂಡಪಲ್ಲಿಯದಾಗಿಯೇ ಉಳಿಯಲು ಅಡ್ಡಿಯಿಲ್ಲ. ಹೆಸರಿಗೆ ಕಾವಲಿಟ್ಟವರು ಬೇರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮರವನ್ನು ಕಾಯುವುದಕ್ಕೆ ಇನ್ನೊಂದು ಕಾನೂನು ಇಲ್ಲವೆಂದಲ್ಲ. ಸುಮಾರು 30,000 ಎಕರೆಯಷ್ಟು ಹಬ್ಬಿದ ಕೊಂಡಪಲ್ಲಿಯ ಕಾಡು ಮೀಸಲು ಅರಣ್ಯ. ಆಂಧ್ರದ 1967ರ ಅರಣ್ಯ ಕಾಯಿದೆಯಂತೆ ಅಲ್ಲಿ ಅಪ್ಪಣೆಯಿಲ್ಲದೆ ಕೊಂಬೆ ಮುರಿದವನು ದಂಡಾರ್ಹ. ಹೀಗಾಗಿ ವಿಚಿತ್ರವಾದ ಒಂದು ಸ್ಥಿತಿ ಒದಗಿದೆ. ಒಂದು ಕಚೇರಿಯ ಕಡತದಲ್ಲಿ ರಾಷ್ಟ್ರದ ಪರಂಪರೆಯ ವಾರಸುದಾರನೆನಿಸಿದ ಮನುಷ್ಯನೇ, ಉಳಿ ಬಾಚಿಗಳನ್ನು ಹಿಡಿದು ತನ್ನ ಮನೆಯ ಹಿಂದಿನ ಬೆಟ್ಟಕ್ಕೆ ನಡೆದರೆ, ಇನ್ನೊಂದು ಕಚೇರಿಯ ಕಡತದಲ್ಲಿ ಆಪಾದಿತನಾಗುತ್ತಾನೆ. ಕಾಡಿನ ಕಾನೂನು ಕಠಿಣವಾಗಿರುವುದು ತಪ್ಪಲ್ಲ. ನಗರವು ಹೆದ್ದಾರಿಯ ಗುಂಟ ಬೆಟ್ಟದ ಬುಡದವರೆಗೆ ಚಾಚಿರುವಾಗ ಅದು ಸಡಿಲವಾಗಿದ್ದರೆ ಏನೂ ಉಳಿಯುತ್ತಿರಲಿಲ್ಲ. ತಪ್ಪಿರುವುದು, ಗೊಂಬೆಗಾಗಿ ಬೇಕಾದ ಮರವನ್ನು ಕಾಡಿನವರೂ ಕರಕುಶಲದವರೂ ಒಟ್ಟಿಗೆ ಕುಳಿತು ಎಣಿಸದೆ ಇರುವಲ್ಲಿ. ಪೊಣಿಕಿಯ ಸಸಿ ನೆಡುವ ಪ್ರಯತ್ನಗಳು ಆಗಾಗ ನಡೆದಿವೆ. ಆದರೆ ಕೆತ್ತುವವರನ್ನು ಕೇಳಿದರೆ, ಬಣ್ಣದ ಬೆಲೆ, ಮಾರಾಟದ ಮಂದಗತಿ ಇವೆಲ್ಲಕ್ಕಿಂತ ಮೊದಲು ಅವರ ಬಾಯಿಂದ ಬರುವುದು ಮರ ಸಿಗುವುದಿಲ್ಲವೆಂಬ ಮಾತೇ.

ನಮ್ಮ ಸಂವಿಧಾನದಲ್ಲಿ 1976ರ ತಿದ್ದುಪಡಿಯಿಂದ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ, ಸಂಸ್ಕೃತಿಯ ಪರಂಪರೆಯನ್ನು ಉಳಿಸಬೇಕೆಂಬ ವಾಕ್ಯದ ಬೆನ್ನಿಗೇ ಕಾಡು ಕೆರೆ ನದಿಗಳನ್ನು ಕಾಪಾಡಬೇಕೆಂಬ ವಾಕ್ಯ ಬರುತ್ತದೆ. 1972ರ ವಿಶ್ವ ಪರಂಪರೆಯ ಒಡಂಬಡಿಕೆಯಲ್ಲಿಯೂ ಎರಡೂ ಒಂದೇ ಹಾಳೆಯಲ್ಲಿವೆ. ಕಾಗದದ ಮೇಲೆ ಒಡಹುಟ್ಟಿದವು ಕಚೇರಿಗೆ ಬಂದೊಡನೆ ಪಾಲಾಗಿ ಬಿಡುವುದನ್ನು ಕೊಂಡಪಲ್ಲಿಯಷ್ಟು ಸ್ಪಷ್ಟವಾಗಿ ತೋರಿಸುವ ಊರು ವಿರಳ.

ವಿಶಾಖಪಟ್ಟಣದ ಕಡೆಗೆ ಹೊರಟರೆ ವರಾಹ ನದಿಯ ದಂಡೆಯ ಏಟಿಕೊಪ್ಪಾಕದಲ್ಲಿ ಇದರ ಮತ್ತೊಂದು ಮುಖವನ್ನು ಕಾಣಬಹುದು. ಅಲ್ಲಿಯದು ಅರಗಿನ ಬಣ್ಣದ ಕಡೆತದ ಗೊಂಬೆ, ಚನ್ನಪಟ್ಟಣದ ಸೋದರಿ. ರಾಸಾಯನಿಕ ಬಣ್ಣಗಳಿಂದ ಕೆಟ್ಟಿದ್ದ ಆ ಕಸುಬಿಗೆ ಬೇರು, ತೊಗಟೆ, ಬೀಜ, ಎಲೆಗಳ ಬಣ್ಣವನ್ನು ಮರಳಿ ಕಲಿಸಿದ ಸಿ. ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಸೂಚಕದ ಮುದ್ರೆ 2017ರಲ್ಲಿ ಬಂದಿತ್ತು. ರಾಜು ಅವರ ಕೆಲಸದ ಹಿರಿಮೆಯೆಂದರೆ, ಗೊಂಬೆಯನ್ನು ಸುಧಾರಿಸಲು ಹೊರಟವರು ಗಿಡದ ಬಳಿಗೆ ಹೋದದ್ದು. ಏಟಿಕೊಪ್ಪಾಕದವರು ಅಂಕುಡು ಎನ್ನುವ ಮರವೂ ಚನ್ನಪಟ್ಟಣದವರು ಆಲೆ ಎನ್ನುವ ಮರವೂ ಒಂದೇ ಜಾತಿಯದೆಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಒಂದೇ ಮರದಿಂದಾದ ಗೊಂಬೆಗಳಿಗೆ ಎರಡು ರಾಜ್ಯಗಳಲ್ಲಿ ಎರಡು ಮುದ್ರೆ. ಮರಕ್ಕೆ ಮಾತ್ರ ಎಲ್ಲಿಯೂ ಇಲ್ಲ. ಕೊಪ್ಪಳದ ಕಿನ್ನಾಳದ ಚಿತ್ರಗಾರರೂ, ಹಂಪಿಯ ವಿರೂಪಾಕ್ಷನ ಗುಡಿಯಲ್ಲಿ ಚಿತ್ರ ಬರೆದವರ ವಂಶವೆಂದು ಪ್ರತೀತಿಯುಳ್ಳವರು, ಹಗುರವಾದ ‘ಪೊಲ್ಕಿ’ ಮರದ ಮೇಲೆ ಹುಣಿಸೆ ಬೀಜದ ಅಂಟಿನಿಂದಲೇ ಕೆಲಸ ನಡೆಸುತ್ತಾರೆ. ಪೊಲ್ಕಿ, ಪೊಣಿಕಿ ಎಂದು ಎರಡನ್ನೂ ಒಟ್ಟಿಗೆ ಹೇಳಿ ನೋಡಿದರೆ ಕಿವಿಗೆ ಭಾಷೆಗಳ ಗಡಿ ಮರೆತು ಹೋಗುತ್ತದೆ.

ನವರಾತ್ರಿಯಲ್ಲಿ ನಮ್ಮ ಮನೆಯ ಮೆಟ್ಟಿಲುಗಳ ಮೇಲೆ, ರಕ್ತಚಂದನದ ಪಟ್ಟದ ಗೊಂಬೆಗಳ ಕೆಳಗಿನ ಸಾಲಿನಲ್ಲಿ, ಕೊಂಡಪಲ್ಲಿಯ ಅಂಬಾರಿಯ ಆನೆಯೊಂದು ಬಹಳ ವರ್ಷಗಳಿಂದ ನಿಲ್ಲುತ್ತಿದೆ. ಕಳೆದ ಸಲ ಪೆಟ್ಟಿಗೆಯಿಂದ ತೆಗೆಯುವಾಗ ಅದರ ಬಲಗಿವಿ ಬಿಟ್ಟು ಕೈಗೆ ಬಂತು. ಬಿಟ್ಟ ಎಡೆಯಲ್ಲಿ ಬೂದು ಬಣ್ಣ, ಅದರಡಿ ಸುಣ್ಣ, ಅದರಡಿ ಹಾಲಿನಂತೆ ಬೆಳ್ಳಗಿರುವ ಮರ ಕಂಡವು. ಅಂಗಡಿಯ ಗೋಂದು ಬೇಡವೆಂದು ಮನೆಯಲ್ಲಿ ಹುಣಿಸೆ ಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕಾಯಿಸಿ ಅಂಟು ಮಾಡಿದೆವು. ಕಿವಿ ಸ್ವಲ್ಪ ಮುಂದಕ್ಕೆ ಬಾಗಿಯೇ ಕೂತಿತು. ಹತ್ತು ದಿನವೂ ಬೀಳಲಿಲ್ಲ.